ಗಿರ್ರನೆ ತಿರುಗುವ ಕೋಸ್ಟರ್: ಜೋಡಿಸುವಾಗ ಮತ್ತು ಓಡಿಸುವ ಮುನ್ನ

ಇಂಗ್ಲೆಂಡಿನ ಬ್ರೈಟನ್ ಕಡಲಕಟ್ಟೆಯ ಮೇಲಿರುವ ‘ಕ್ರೇಜಿ ಮೌಸ್’, ಎತ್ತರದ ಹಳಿಯ ಮೇಲೆ ಓಡುತ್ತಲೇ ಗಾಡಿ ತನ್ನ ಸುತ್ತ ತಾನೇ ಗಿರಕಿ ಹೊಡೆಯುವ ಈ ಜಾತಿಯ ಆಟಕ್ಕೆ ಒಳ್ಳೆಯ ಮಾದರಿ. ಫ್ರಾನ್ಸಿನ ರೆವರ್ಶೋನ್ ಕಂಪನಿಯ ಈ ವಿನ್ಯಾಸ ಊರೂರು ಸುತ್ತುವ ಮೇಳಗಳಲ್ಲೂ ಕಾಣಸಿಗುತ್ತದೆ. ಎತ್ತರ ಸುಮಾರು 13 ಮೀಟರ್, ಹಳಿಯ ಉದ್ದ 420 ಮೀಟರ್ ಆಸುಪಾಸು, ವೇಗ ಗಂಟೆಗೆ 47 ಕಿ.ಮೀ. ಒಂದು ಗಾಡಿಗೆ ನಾಲ್ವರು. ಗಾಡಿಯನ್ನು ಮೇಲಕ್ಕೆಳೆಯುವುದು ಮೋಟಾರು, ಗಿರಕಿ ಹೊಡೆಸುವುದು ಮಾತ್ರ ಕೂತವರ ತೂಕ.

ಜೋಡಣೆಯಲ್ಲಿ ಮೊದಲು ನೋಡಬೇಕಾದ್ದು ನೆಲ. ಕಂಬದ ಪಾದದಡಿ ಗಟ್ಟಿ ಮರದ ಹಲಗೆ ಹಾಕಿ ಭಾರವನ್ನು ಹರಡಿ, ರಸಮಟ್ಟ ಇಟ್ಟು ಮಟ್ಟ ಮಾಡಿ. ಚಿಕ್ಕ ಚಿಕ್ಕ ತುಂಡುಗಳನ್ನು ಗೋಪುರದಂತೆ ಪೇರಿಸಬೇಡಿ, ನಡುಕಕ್ಕೆ ಜಾರುತ್ತವೆ. ಹುಲ್ಲುಗಾವಲಿನಲ್ಲಿ ಒಂದು ಮಳೆ ಬಿದ್ದರೆ ಒಂದು ಮೂಲೆ ಕುಸಿಯುತ್ತದೆ. ಆಗ ಹಳಿಯ ಕೂಡುಗೆರೆಯಲ್ಲಿ ಮೆಟ್ಟಿಲು ಮೂಡಿ ಗಾಲಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಮಳೆ ನಿಂತ ಮೇಲೆ ಮತ್ತೆ ಅಳೆಯಲೇಬೇಕು.

ಹಳಿಯ ತುಂಡುಗಳನ್ನು ಸೇರಿಸುವ ಪಿನ್ನುಗಳಿಗೆ ಕ್ಲಿಪ್ಪು ಬಿದ್ದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ, ಕಣ್ಣನ್ನೇ ನಂಬಬೇಡಿ. ಬೋಲ್ಟನ್ನು ತಯಾರಕರ ಕೈಪಿಡಿ ಹೇಳಿದಷ್ಟೇ ಬಿಗಿದು, ನಟ್ಟಿನ ಮೇಲಿಂದ ಉಕ್ಕಿನ ಮೇಲಕ್ಕೆ ಬಣ್ಣದ ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ನಟ್ಟು ಸಡಿಲವಾಗಿದೆ ಎಂದರ್ಥ. ಕಡಲ ತೀರದಲ್ಲಿ ಬೆಸುಗೆಯ ಅಂಚಿನ ತುಕ್ಕಿನ ಸೋರುಗೆರೆಯನ್ನು ಬಣ್ಣ ಬಳಿದು ಮುಚ್ಚಬಾರದು, ಒಳಗೆ ಬಿರುಕಿರಬಹುದು.

ದಿನವೂ ಬಾಗಿಲು ತೆರೆಯುವ ಮುನ್ನ ಪ್ರತಿ ಗಾಡಿಯ ಮೇಲಿನ, ಪಕ್ಕದ, ಹಳಿಯಡಿಯ ಗಾಲಿಗಳನ್ನು ತಿರುಗಿಸಿ, ಬೇರಿಂಗ್ ಕರಕರ ಎನ್ನುತ್ತದೆಯೇ ಎಂದು ಕಿವಿಗೊಡಿ. ಕೂತವರನ್ನು ಹಿಡಿದಿಡುವ, ತೊಡೆಯ ಮೇಲಿನ ಕಂಬಿಯನ್ನು ಎಳೆದು ನೋಡಿ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಕೊಕ್ಕೆಯ ‘ಟಕ್ ಟಕ್’ ಕೇಳಿಸಲೇಬೇಕು. ಆಮೇಲೆ ಖಾಲಿ ಗಾಡಿಗಳನ್ನು ಓಡಿಸಿ. ಚಳಿಯ ಬೆಳಿಗ್ಗೆ ಗ್ರೀಸು ಗಟ್ಟಿಯಾಗಿ ಹಗುರ ಗಾಡಿ ತಿರುವಿನಲ್ಲೇ ನಿಲ್ಲುವುದುಂಟು. ಮಳೆಯಲ್ಲಿ ಅದಕ್ಕೆ ತಿರುಗುಮುರುಗು, ಬ್ರೇಕು ತಡವಾಗಿ ಹಿಡಿಯುತ್ತದೆ. ಗಾಳಿಯ ವೇಗ ಸೆಕೆಂಡಿಗೆ 15 ಮೀಟರ್ ಮುಟ್ಟಿದರೆ ಆಟ ನಿಲ್ಲಿಸಿ. ಕೈಪಿಡಿ ಇನ್ನೂ ಕಡಿಮೆ ಹೇಳಿದ್ದರೆ ಅದೇ ಮಿತಿ.

ಕೂರಿಸುವುದೂ ಒಂದು ಕಲೆ. ನಾಲ್ವರೂ ಸಮ ತೂಕದವರಾದರೆ ಗಾಡಿ ಮಂಕಾಗಿ ಸಾಗುತ್ತದೆ. ಭಾರದ ಇಬ್ಬರನ್ನು ಒಂದೇ ಪಕ್ಕಕ್ಕೆ ಕೂರಿಸಿದರೆ ಭಾರದ ನಡುಬಿಂದು ತಿರುಗಣೆಯ ಅಚ್ಚಿನಿಂದ ಆಚೆ ಸರಿದು, ಪ್ರತಿ ತಿರುವೂ ಅದನ್ನು ಹೊರಕ್ಕೆ ಎಸೆಯುತ್ತದೆ, ಗಾಡಿ ಬುಗುರಿಯಾಗುತ್ತದೆ. ತಲೆ ಸುತ್ತುತ್ತದೆ ಎನ್ನುವವರಿಗೆ ತೂಕ ಹಂಚಿ ಕೂರಿಸಿ. ಊಟವಾದ ಕೂಡಲೇ ಬಂದವರನ್ನು ಸ್ವಲ್ಪ ಹೊತ್ತು ಕಾಯಿಸುವುದು ಅವರಿಗೂ ಒಳ್ಳೆಯದು, ಗಾಡಿ ತೊಳೆಯುವವರಿಗೂ.

ಓಟದ ಮೊದಲ ಭಾಗದಲ್ಲಿ ಗಾಡಿಯ ಮುಖ ನೇರಕ್ಕೆ ಬೀಗ ಬಿದ್ದಿರುತ್ತದೆ, ನಡುವೆ ಬಿಡುತ್ತದೆ, ಕೊನೆಯಲ್ಲಿ ಮತ್ತೆ ನೇರವಾಗಬೇಕು. ಬೀಗ ಕಚ್ಚದೆ ಓರೆಯಾಗಿ ಬಂದ ಗಾಡಿಗೆ ಚಲಿಸುವಾಗ ಕೈ ಹಾಕಬೇಡಿ. ಪೂರ್ತಿ ನಿಂತ ಮೇಲೆ ಜನರನ್ನು ಇಳಿಸಿ, ಆ ಗಾಡಿಯನ್ನು ಓಟದಿಂದ ತೆಗೆದು, ಬೀಗದ ಸ್ಪ್ರಿಂಗು ಸೋತಿದೆಯೇ, ಉಪ್ಪು ಮರಳು ಸಿಕ್ಕಿದೆಯೇ ನೋಡಿ.