ಮೂಗಿನಲ್ಲಿ ಹಾಡಿದ ಪೆಡಲ್

ಸೆಕೆಂಡ್ ಹ್ಯಾಂಡ್ ಟ್ಯೂಬ್ ಸ್ಕ್ರೀಮರ್ ಮನೆಗೆ ಬಂದ ದಿನ ಊಟಕ್ಕೂ ಏಳದೆ ಕೂತಿದ್ದೆ. ಐಬನೀಜ್‌ನ ಹಸಿರು ಡಬ್ಬಿ, ಟಿಎಸ್9; ಎಲೆಕ್ಟ್ರಿಕ್ ಗಿಟಾರಿಗೂ ಆಂಪಿಗೂ (ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ನಡುವೆ ಕೂತು ದನಿ ಬದಲಿಸುವ, ಕಾಲಲ್ಲಿ ಒತ್ತುವ ಪೆಡಲ್. ಅದನ್ನು ಗೆಳೆಯನ ಮನೆಯಲ್ಲಿ ಅವನ ಫೆಂಡರ್ ಬ್ಲೂಸ್ ಜೂನಿಯರ್ ಆಂಪಿನ ಮೇಲೆ ಕೇಳಿ ಮರುಳಾಗಿದ್ದೆ. ಅಲ್ಲಿ ಒಂದು ತಂತಿ ಎಳೆದು ಬಿಟ್ಟರೆ ಸ್ವರ ಎದೆಯಿಂದ ಬಂದ ಹಾಗೆ ನಿಲ್ಲುತ್ತಿತ್ತು. ಅದೇ ಪೆಡಲ್ಲು ನನ್ನ ಮೂವತ್ತು ವಾಟಿನ ಟ್ರಾನ್ಸಿಸ್ಟರ್ ಆಂಪಿನಲ್ಲಿ, ನೆಗಡಿ ಹಿಡಿದವನ ಹಾಗೆ, ಪೂರ್ತಿ ಮೂಗಿನಲ್ಲೇ ಹಾಡಿತು.

ನಕಲಿ ಮಾಲು ತಲೆಗೆ ಕಟ್ಟಿದ್ದಾರೆ ಅಂದುಕೊಂಡೆ. ಹಿಂದಿನ ಮುಚ್ಚಳ ಬಿಚ್ಚಿ, ಮೊಬೈಲ್ ಟಾರ್ಚ್ ಹಿಡಿದು ಐಸಿ ಚಿಪ್ಪಿನ ನಂಬರ್ ಓದಿದ್ದೂ ಆಯಿತು. ಎಲ್ಲ ಸರಿಯಾಗೇ ಇತ್ತು. ಕೊನೆಗೆ ಗೆಳೆಯನೇ ತನ್ನ ಆಂಪನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದ. ಒಂದೇ ಗಿಟಾರ್, ಒಂದೇ ಕೇಬಲ್, ಒಂದೇ ಪೆಡಲ್. ಅದಕ್ಕೊಮ್ಮೆ ಇದಕ್ಕೊಮ್ಮೆ ಚುಚ್ಚಿ ಕೇಳಿದೆವು. ಹತ್ತು ನಿಮಿಷ ಆದಮೇಲೆ ಅವನು ಹೇಳಿದ: "ಪೆಡಲ್ ಸರಿ ಇದೆ ಮಗಾ, ಜೋಡಿ ಸರಿ ಇಲ್ಲ."

ಆಗ ಅರ್ಥವಾಗಿದ್ದು ಇಷ್ಟು. ಟ್ಯೂಬ್ ಸ್ಕ್ರೀಮರ್ ತಗ್ಗಿನ ಸ್ವರಗಳನ್ನು ಕತ್ತರಿಸುತ್ತದೆ. ಸುಮಾರು 700 ಹರ್ಟ್ಸ್ ಆಸುಪಾಸಿನ ಮಧ್ಯಭಾಗವನ್ನು ಎತ್ತುತ್ತದೆ. ಗಿಟಾರಿನವರು ಅದನ್ನು 'ಮಿಡ್ ಹಂಪ್', ನಡುವಿನ ಉಬ್ಬು, ಅಂತಲೇ ಕರೆಯುವುದು. ಫೆಂಡರ್ ಜಾತಿಯ ಆಂಪುಗಳಲ್ಲಿ ಸಾಮಾನ್ಯವಾಗಿ ಬೇಸು (ತಗ್ಗಿನ ಸ್ವರ), ಟ್ರೆಬಲ್ಲು (ಮೇಲಿನ ಸ್ವರ) ಮುಂದೆ, ಮಿಡ್ಡು (ಮಧ್ಯಭಾಗ) ಹಿಂದೆ. ಅಂದರೆ ರಸ್ತೆಯಲ್ಲಿ ಗುಂಡಿ ಇತ್ತು, ಪೆಡಲ್ ಮಣ್ಣು ತುಂಬಿತು, ಸಮ ಆಯಿತು. ನನ್ನ ಆಂಪಿನದು ಎಂಟಿಂಚಿನ ಸ್ಪೀಕರು, ಬೇಸ್ ಹೆಸರಿಗಷ್ಟೇ, ಇರುವುದೆಲ್ಲ ಮಿಡ್ಡೇ. ನಾನು ಹಂಪಿನ ಮೇಲೆ ಇನ್ನೊಂದು ಹಂಪ್ ಹಾಕಿದ್ದೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಬ್ಲೂಸ್ ಜೂನಿಯರ್ ಹದಿನೈದು ವಾಟಿನ ವಾಲ್ವ್ ಆಂಪು, ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳದು. ಅದನ್ನು ಇನ್ನೇನು ದನಿ ಒಡೆಯುತ್ತದೆ ಅನ್ನುವ ವಾಲ್ಯೂಮಿಗೆ ತಂದು, ಪೆಡಲಿನ ಡ್ರೈವ್ (ದನಿ ಒಡೆಸುವ ನಾಬ್) ಹೆಚ್ಚುಕಮ್ಮಿ ಸೊನ್ನೆಗೆ ಇಳಿಸಿ, ಲೆವೆಲ್ (ಹೊರಬರುವ ಸದ್ದಿನ ನಾಬ್) ಪೂರ್ತಿ ಏರಿಸಬೇಕು. ಆಗ ಕೇಳುವ ಒಡೆದ ದನಿ, ಅಂದರೆ ಡಿಸ್ಟಾರ್ಷನ್‌ನಲ್ಲಿ ಬಹುಪಾಲು ಪೆಡಲಿನದಲ್ಲ, ವಾಲ್ವಿನದು. ಪೆಡಲ್ ಹಿಂದಿನಿಂದ ತಳ್ಳುತ್ತದೆ ಅಷ್ಟೆ. ಟ್ರಾನ್ಸಿಸ್ಟರ್ ಆಂಪಿನ ಕ್ಲೀನ್ (ದನಿ ಒಡೆಯದ) ಚಾನೆಲ್ಲನ್ನು ಹಾಗೆ ತಳ್ಳಿದರೆ ಬರೀ ಸದ್ದು ಜಾಸ್ತಿಯಾಗುತ್ತದೆ. ಇನ್ನೂ ತಳ್ಳಿದರೆ ದನಿ ಒರಟಾಗಿ ಸೀಳುತ್ತದೆ. ಅಂಥ ಆಂಪಿಗೆ ಡಿಸ್ಟಾರ್ಷನ್ ಪೂರ್ತಿ ಪೆಡಲಿನಿಂದಲೇ ಬರಬೇಕು.

ಹಾಗಂತ ಹಸಿರು ಡಬ್ಬಿಯನ್ನು ಮಾರಲಿಲ್ಲ. ಆಂಪಿನ ಮಿಡ್ ನಾಬನ್ನು, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ಒಂಬತ್ತು ಗಂಟೆಗೆ ಇಳಿಸಿ, ಬೇಸನ್ನು ಎರಡು ಗಂಟೆಗೆ ಏರಿಸಿದೆ, ಪೆಡಲಿನ ಡ್ರೈವನ್ನು ನಡುಮಟ್ಟಕ್ಕೆ ತಂದೆ. ಎದೆ ಬರಲಿಲ್ಲ, ಆದರೆ ನೆಗಡಿ ಹೋಯಿತು.

ಆಮೇಲೆ ಆರ್ಕೆಸ್ಟ್ರಾಕ್ಕೆ ಸೇರಿದೆ. ಪ್ರಾಕ್ಟೀಸ್ ರೂಮಿನಲ್ಲಿ ಇದ್ದದ್ದು ರೋಲ್ಯಾಂಡ್ ಜೆಸಿ-120. 1975ರಲ್ಲಿ ಬಂದ ಆಂಪು. ಎರಡು ಹನ್ನೆರಡಿಂಚಿನ ಸ್ಪೀಕರು, 120 ವಾಟು, ಒಳಗೇ ಸ್ಟೀರಿಯೊ ಕೋರಸ್ಸು (ಒಂದು ದನಿ ಹಲವಾಗಿ ಕೇಳಿಸುವ ಎಫೆಕ್ಟು). ಎತ್ತಿ ಮೆಟ್ಟಿಲು ಹತ್ತಿಸಿದವನಿಗೇ ಗೊತ್ತು ಅದರ ಭಾರ. ಅದರ ಕ್ಲೀನ್ ಎಷ್ಟು ಕ್ಲೀನ್ ಅಂದರೆ ಬೆರಳಿನ ತಪ್ಪೆಲ್ಲ ಆಚೆ ಬೀಳುತ್ತದೆ. ಅದಕ್ಕೆ ಬಾಸ್ ಕಂಪನಿಯ ಡಿಸ್ಟಾರ್ಷನ್ ಪೆಡಲ್ ಡಿಎಸ್-1 ಹಾಕಿ, ದನಿಯ ಚೂಪು ಹೆಚ್ಚುಕಮ್ಮಿ ಮಾಡುವ ಟೋನ್ ನಾಬನ್ನು ನಡುವೆ ನಿಲ್ಲಿಸಿ ಬಾರಿಸಿದೆ. ಸಾ ಮಿಲ್ಲಿನಲ್ಲಿ ಮರ ಕೊಯ್ದ ಹಾಗಿತ್ತು. ಕೀಬೋರ್ಡಿನವರು ಕೈ ನಿಲ್ಲಿಸಿ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ಬ್ರೈಟ್ ಸ್ವಿಚ್ ಆಫ್ ಮಾಡಿ, ಕೇಬಲ್ಲನ್ನು ಹೈ ಇನ್‌ಪುಟ್ಟಿನಿಂದ ಲೋಗೆ ಬದಲಾಯಿಸಿ, ಪೆಡಲಿನ ಟೋನನ್ನು ಒಂಬತ್ತು ಗಂಟೆಗಿಂತ ಕೆಳಕ್ಕೆ ತಂದ ಮೇಲೆ ಮನುಷ್ಯರು ಕೇಳುವ ಹಾಗಾಯಿತು. ಮನೆಯಲ್ಲಿ ಮಂಕಾಗಿ ಕೇಳುವಷ್ಟು ಟೋನ್ ಇಳಿಸಿದರೇನೇ ಜೆಸಿ ಮೇಲೆ ಸರಿ. ಇದನ್ನು ಕಣ್ಣು ಒಪ್ಪುವುದಿಲ್ಲ, ನಾಬ್ ಅಷ್ಟು ಕೆಳಗಿದ್ದರೆ ಏನೋ ತಪ್ಪಾಗಿದೆ ಅನಿಸುತ್ತದೆ. ಕಣ್ಣಿಗೂ ಆಂಪಿಗೂ ಸಂಬಂಧ ಇಲ್ಲ.

ಮರುದನಿ ಕೊಡುವ ಡಿಲೇ ಪೆಡಲಿನ ವಿಷಯದಲ್ಲಿ ಎಲ್ಲರೂ ಒಮ್ಮೆ ಬೀಳುವ ಹಳ್ಳಕ್ಕೆ ನಾನೂ ಬಿದ್ದೆ. ಆಂಪಿನ ಗೇನ್ (ಡಿಸ್ಟಾರ್ಷನ್) ಚಾನೆಲ್ ಹಾಕಿ, ಅದರ ಮುಂದೆ ಡಿಲೇ ಇಟ್ಟರೆ, ಮರುದನಿಗಳೆಲ್ಲ ಡಿಸ್ಟಾರ್ಷನ್ನಿನೊಳಗೆ ಹೋಗಿ ಕಲಸನ್ನವಾಗುತ್ತವೆ. ಆಂಪಿನ ಹಿಂದೆ ಸೆಂಡ್, ರಿಟರ್ನ್ ಅಂತ ಎರಡು ತೂತು ಇದ್ದರೆ ಡಿಲೇ, ರಿವರ್ಬ್ ಅಲ್ಲಿಗೆ; ಅದು ದನಿ ರೂಪಿಸುವ ಪ್ರೀಆಂಪು, ಅದನ್ನು ದೊಡ್ಡದು ಮಾಡುವ ಪವರ್ ಆಂಪುಗಳ ನಡುವಿನ ಜಾಗ. ಬ್ಲೂಸ್ ಜೂನಿಯರಿನಲ್ಲಿ ಆ ತೂತುಗಳಿಲ್ಲ. ಹಾಗಾಗಿ ಅದರ ಮೇಲೆ ಡಿಲೇ ಬೇಕಿರುವ ಹಾಡಿಗೆ ಆಂಪನ್ನು ಕ್ಲೀನಾಗಿಯೇ ಬಿಟ್ಟು, ಡ್ರೈವ್ ಪೆಡಲಿನಿಂದ ತೆಗೆದು, ಡಿಲೇಯನ್ನು ಸಾಲಿನ ಕೊನೆಗೆ ಹಾಕುತ್ತೇನೆ.

ದನಿಯನ್ನು ಗರಗರ ಒಡೆಸುವ ಫಜ್ ಪೆಡಲ್ ಮಾತ್ರ ತಲೆಹರಟೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಿಡಿಭಾಗ ತಂದು, ಎರಡು ಸಿಲಿಕಾನ್ ಟ್ರಾನ್ಸಿಸ್ಟರಿನ ಫಜ್ ಒಂದನ್ನು ನಾನೇ ಬೆಸುಗೆ ಹಾಕಿದ್ದೆ. ಬಾಸ್ ಪೆಡಲಿನ ನಂತರ ಇಟ್ಟರೆ ಸೀಳು ದನಿ, ಗಿಟಾರಿನ ವಾಲ್ಯೂಮ್ ಇಳಿಸಿದರೂ ತಿಳಿಯಾಗದು. ಬಾಸ್ ಪೆಡಲುಗಳು ಆಫ್ ಇದ್ದಾಗಲೂ ಒಳಗಿನ ಬಫರ್ (ಸಿಗ್ನಲ್ಲನ್ನು ಬಲಪಡಿಸುವ ಸರ್ಕ್ಯೂಟ್) ಕೆಲಸ ಮಾಡುತ್ತಿರುತ್ತದೆ. ಈ ಬಗೆಯ ಫಜ್‌ಗೆ ತಂತಿಯ ಕಂಪನ ಹಿಡಿಯುವ ಗಿಟಾರಿನ ಪಿಕಪ್ಪೇ ನೇರವಾಗಿ ಸಿಗಬೇಕು. ಎಲ್ಲಕ್ಕಿಂತ ಮುಂದೆ ತಂದು ಕೂರಿಸಿದ ದಿನ ಸರಿಹೋಯಿತು.

ಮರೆಯಲಾಗದ್ದು ಒಂದು ಗಣೇಶನ ಪೆಂಡಾಲು. ಮೈಸೂರಿನಿಂದ ಒಂದು ಗಂಟೆ ದೂರದ ಹಳ್ಳಿ, ಜನರೇಟರ್ ಕರೆಂಟು. ಮೊದಲ ಹಾಡಿಗೆ ಮುಂಚೆಯೇ ಆಂಪಿನಿಂದ ಸೊಳ್ಳೆಯಂಥ ಕುಯ್ಯ್ ಸದ್ದು. ಸೌಂಡಿನವನು ತಪ್ಪನ್ನು ಜನರೇಟರ್ ಮೇಲೆ ಹಾಕಿದ. ನಾನು ಪೆಡಲುಗಳ ಪವರ್ ಪಿನ್ ಒಂದೊಂದಾಗಿ ಕೀಳುತ್ತ ಹೋದೆ. ಡಿಜಿಟಲ್ ಡಿಲೇಯದು ಕಿತ್ತ ಕೂಡಲೇ ಸದ್ದು ನಿಂತಿತು. ಒಂದೇ ಅಡಾಪ್ಟರಿನಿಂದ ಸರಪಳಿ ಹಾಕಿ ಐದಕ್ಕೂ ಕರೆಂಟು ಕೊಟ್ಟಿದ್ದೆ. ಡಿಜಿಟಲ್ಲಿನ ಗಲಾಟೆ ಆ ತಂತಿಯಲ್ಲೇ ಮಿಕ್ಕವಕ್ಕೆ ನುಗ್ಗುತ್ತಿತ್ತು. ಅವತ್ತು ಡಿಲೇಗೆ ಒಂಬತ್ತು ವೋಲ್ಟಿನ ಬ್ಯಾಟರಿ ಹಾಕಿ ಮುಗಿಸಿದೆ. ಮುಂದಿನ ತಿಂಗಳ ಪೇಮೆಂಟಿನಲ್ಲಿ ಒಂದೊಂದು ಪೆಡಲಿಗೂ ಬೇರೆಬೇರೆ ಔಟ್‌ಪುಟ್ ಇರುವ ಐಸೊಲೇಟೆಡ್ ಸಪ್ಲೈ ಕೊಂಡೆ. ಹೊಸ ಪೆಡಲ್ ಕೊಳ್ಳುವ ಆಸೆ ಇತ್ತು, ನಿಜ.

ಅದೇ ಸ್ಟೇಜಿನಲ್ಲಿ ಒಬ್ಬರು ಹಮ್ (ಗುಂಯ್ ಅನ್ನುವ ಸದ್ದು) ಹೋಗಲಿ ಅಂತ ಆಂಪಿನ ಪ್ಲಗ್ಗಿನ ಅರ್ಥ್ ಪಿನ್ ತೆಗೆಯಲು ಹೇಳಿದರು. ಹಾಗೆ ಮಾಡಿದ ಬೇರೊಂದು ತಂಡದ ಗಾಯಕನ ತುಟಿಗೆ ಮೈಕಿನಿಂದ ಶಾಕ್ ಹೊಡೆದದ್ದನ್ನು ನಾನೇ ನೋಡಿದ್ದೇನೆ. ಹಮ್ ಇದ್ದರೆ ಇರಲಿ, ಆ ಪಿನ್ ಮುಟ್ಟುವುದಿಲ್ಲ.

ಈಗ ಪೆಡಲ್ ಜೋಡಿಸುವ ಬೋರ್ಡಿನಲ್ಲಿ ನಾಲ್ಕೇ ಡಬ್ಬಿ. ಪ್ರತಿ ಡಬ್ಬಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಬ್ಲೂಸ್ ಜೂನಿಯರಿಗೆ ನಾಬ್ ಎಲ್ಲಿರಬೇಕೆಂದು ನೀಲಿ ಗೆರೆ, ಜೆಸಿಗೆ ಕೆಂಪು ಗೆರೆ ಎಳೆದಿದ್ದೇನೆ. ಬಾಡಿಗೆ ಆಂಪು ಬಂದಾಗ ಯಾವ ಗೆರೆಯೂ ಕೆಲಸಕ್ಕೆ ಬಾರದು. ಆಗ ಬೋರ್ಡನ್ನು ಚೀಲದಿಂದ ತೆಗೆಯುವ ಮುಂಚೆ ಗಿಟಾರನ್ನು ನೇರ ಆಂಪಿಗೆ ಚುಚ್ಚಿ, ಎಲ್ಲ ನಾಬನ್ನೂ ನಡುವಿಗಿಟ್ಟು, ಡ್ರಮ್ಮಿನವನಿಗೆ ಬಾರಿಸಲು ಹೇಳಿ, ಹತ್ತು ನಿಮಿಷ ಬರೀ ಆಂಪು ಕೇಳುತ್ತೇನೆ. "ಸಾರ್, ಪೆಡಲ್ ತಂದಿಲ್ವಾ?" ಅಂತ ಸೌಂಡಿನ ಹುಡುಗ ಪ್ರತಿಸಲ ಕೇಳುತ್ತಾನೆ.