ಮೊಳಕೆ ಬಂದಿತ್ತು, ಸಸಿ ಏಕೆ ಮೇಲೇಳಲಿಲ್ಲ?

ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಟೊಮೆಟೊ, ಮೆಣಸಿನಕಾಯಿ, ಸೌತೆ ಬೀಜಗಳು ಬಿರಿದು ಬಿಳಿ ಬೇರು ತೋರಿಸಿದ್ದವು. ಅವನ್ನು ಮನೆಯೊಳಗಿನ ಟ್ರೇಗೆ ಹಾಕಿ ವಾರ ಕಳೆದರೂ ಹಸಿರಿನ ಸುಳಿವಿಲ್ಲ. ಇಂಥ ಹೊತ್ತಿನಲ್ಲಿ ಬೀಜದ ಪೊಟ್ಟಣವನ್ನು ಬೈದು ಸುಮ್ಮನಾಗುವವರೇ ಹೆಚ್ಚು. ಬೇರು ಬಿಟ್ಟ ಬೀಜಕ್ಕೆ ಜೀವವಿದೆ ಎಂಬುದು ಆಗಲೇ ಗೊತ್ತಾಗಿರುತ್ತದೆ. ಎಡವಟ್ಟಾಗುವುದು ಸಾಮಾನ್ಯವಾಗಿ ಆಮೇಲೆ, ಮಣ್ಣಿನ ಮೇಲ್ಪದರದ ಒಂದೆರಡು ಸೆಂಟಿಮೀಟರಿನಲ್ಲಿ.

ಮೊದಲು ದಿನ ಎಣಿಸಿ

ಮಣ್ಣು 25ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ, ಮೊಳಕೆ ಹಾಕಿದ ಮೇಲೆ ಸೌತೆ 2–4 ದಿನಕ್ಕೆ, ಟೊಮೆಟೊ 3–5 ದಿನಕ್ಕೆ, ಮೆಣಸಿನಕಾಯಿ 5–8 ದಿನಕ್ಕೆ ಮೇಲೆ ಕಾಣಿಸುತ್ತದೆ. 20 ಡಿಗ್ರಿಯ ಆಸುಪಾಸಿನಲ್ಲಿ ಇದರ ದುಪ್ಪಟ್ಟು ಕಾಲ ಹಿಡಿದರೂ ಗಾಬರಿ ಬೇಡ. 15ಕ್ಕಿಂತ ಕೆಳಗಿಳಿದರೆ ಮೆಣಸಿನಕಾಯಿ ಹೆಚ್ಚುಕಡಿಮೆ ನಿಂತೇಬಿಡುತ್ತದೆ.

ಅಳೆಯಬೇಕಾದದ್ದು ಕೋಣೆಯ ಬಿಸಿಯಲ್ಲ, ಮಣ್ಣಿನ ಬಿಸಿ. ಒದ್ದೆ ಮಣ್ಣಿನಿಂದ ನೀರು ಆವಿಯಾಗುತ್ತಿದ್ದಷ್ಟು ಹೊತ್ತು ಅದು ಕೋಣೆಗಿಂತ ಒಂದೆರಡು ಡಿಗ್ರಿ ತಂಪಾಗಿಯೇ ಇರುತ್ತದೆ. ಫ್ಯಾನಿನ ಕೆಳಗೆ ಇನ್ನೂ ತಂಪು. ಥರ್ಮಾಮೀಟರಿನ ತುದಿಯನ್ನು ಬೀಜದ ಆಳಕ್ಕೇ ಚುಚ್ಚಿ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿ. ಮುಚ್ಚಳ ಹಾಕಿದ ಟ್ರೇಯನ್ನು ಕಿಟಕಿಯ ನೇರ ಬಿಸಿಲಿಗೆ ಇಟ್ಟಿದ್ದರೆ ಮಧ್ಯಾಹ್ನದ ಅಂಕಿ 40 ದಾಟಿರಲೂಬಹುದು. ಆ ಕಾವಿಗೆ ಎಳೆ ಬೇರು ಬೆಂದುಹೋಗುತ್ತದೆ.

ದಿನ ಮೀರಿದರೆ ಒಂದನ್ನು ತೆಗೆದು ನೋಡಿ

ಎಲ್ಲವನ್ನೂ ಅಗೆಯಬೇಡಿ; ಟ್ರೇಯ ಒಂದೇ ಒಂದು ಗುಳಿ ಸಾಕು. ಮೇಲಿನಿಂದ ಕೆದಕಿದರೆ ಸಸಿಯ ಇದ್ದಬದ್ದ ಕತ್ತೂ ಮುರಿದೀತು. ಚಿಕ್ಕ ಚಮಚವನ್ನು ಗುಳಿಯ ಅಂಚಿನಿಂದ ಇಳಿಸಿ, ಮಣ್ಣಿನ ಹೆಂಟೆಯನ್ನು ಇಡಿಯಾಗಿ ಎತ್ತಿ, ಅಂಗೈ ಮೇಲೆ ಬಿಡಿಸಿ. ಮುಂದಿನದನ್ನು ಬೇರಿನ ಸ್ಥಿತಿಯೇ ಹೇಳುತ್ತದೆ.

ಬೇರು ಬಿಳಿಯಾಗಿ, ಗಟ್ಟಿಯಾಗಿ, ಉದ್ದವಾಗಿ ಬೆಳೆದಿದೆ, ಮೇಲಿನ ಕತ್ತು ಮಾತ್ರ ಕೊಕ್ಕೆಯಂತೆ ಬಾಗಿ ಮಣ್ಣಿನಡಿ ಸಿಕ್ಕಿಕೊಂಡಿದೆ ಎಂದರೆ ತಪ್ಪು ಆಳದ್ದು, ಇಲ್ಲವೇ ಹೆಪ್ಪಿನದ್ದು. ಬೀಜದೊಳಗಿನ ಆಹಾರ ಲೆಕ್ಕದ್ದು. ಬೆಳಕು ಮುಟ್ಟುವ ಮೊದಲೇ ಅದು ಮುಗಿದರೆ ಸಸಿ ಅಲ್ಲೇ ಸೋಲುತ್ತದೆ. ಟೊಮೆಟೊ, ಮೆಣಸಿನಕಾಯಿಗೆ ಅರ್ಧದಿಂದ 1 ಸೆಂ.ಮೀ., ಸೌತೆಗೆ ಒಂದೂವರೆಯಿಂದ 2 ಸೆಂ.ಮೀ. ಆಳ ಸಾಕು. ತೋಟದ ಜೇಡಿಮಣ್ಣು ಬೆರೆಸಿ ಮೇಲಿನಿಂದ ನೀರು ಸುರಿದಿದ್ದರೆ ಮೇಲ್ಪದರ ಒಣಗಿ ಹಪ್ಪಳದಂತೆ ಹೆಪ್ಪುಗಟ್ಟಿರುತ್ತದೆ. ಉಗುರುಬೆಚ್ಚಗಿನ ನೀರು ಸಿಂಪಡಿಸಿ ಹತ್ತು ನಿಮಿಷ ಬಿಟ್ಟು, ಟೂತ್‌ಪಿಕ್‌ನಿಂದ ಹೆಪ್ಪನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸಿ. ಉಳಿಸಿಕೊಳ್ಳಲು ಎಲ್ಲಕ್ಕಿಂತ ಸುಲಭವಾದ ಸ್ಥಿತಿ ಇದೇ.

ಬೇರಿನ ತುದಿ ಕಂದು ಬಣ್ಣಕ್ಕೆ ತಿರುಗಿ ಸುರುಟಿದ್ದರೆ ಮೂರು ಸಂಶಯ. ಒಂದು, ಒಣಗಿರುವುದು: ಬೇರು ಬಿಟ್ಟ ಬೀಜ ಮತ್ತೆ ನಿದ್ದೆಗೆ ಹೋಗಲಾರದು, ಮೇಲಿನ ಒಂದು ಸೆಂಟಿಮೀಟರ್ ಮಣ್ಣು ಒಂದೇ ಮಧ್ಯಾಹ್ನ ಪೂರ್ತಿ ಒಣಗಿದರೂ ಕಥೆ ಮುಗಿಯಿತು. ಎರಡು, ಕೈಪೆಟ್ಟು: ಬಟ್ಟೆಯಲ್ಲೇ ಒಂದೆರಡು ಸೆಂಟಿಮೀಟರ್ ಬೆಳೆಯಲು ಬಿಟ್ಟ ಬೇರು ನೂಲಿಗೆ ಅಂಟಿಕೊಂಡಿರುತ್ತದೆ, ಕಿತ್ತಾಗ ತುದಿ ಅಲ್ಲೇ ಉಳಿಯುತ್ತದೆ. ಮೂರು, ಉಪ್ಪು. ತೊಳೆಯದ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್‌ನಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪುಗಳಿರಬಹುದು. ಪೂರ್ತಿ ಮಾಗದ ಗೊಬ್ಬರ ಬಿಡುವ ಅಮೋನಿಯಾವೂ ಎಳೆ ಬೇರನ್ನು ಸುಡುತ್ತದೆ. ಬೀಜದ ಮಣ್ಣಿಗೆ ‘ಶಕ್ತಿ ಬರಲಿ’ ಎಂದು ರಸಗೊಬ್ಬರ ಹಾಕುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸ. ಬೀಜದೆಲೆಗಳ ಬಳಿಕ ಮೊದಲ ನಿಜವಾದ ಎಲೆ ಬರುವವರೆಗೆ ಸಸಿಗೆ ಬೀಜದ ಬುತ್ತಿಯೇ ಹೆಚ್ಚುಕಡಿಮೆ ಸಾಕು.

ಬೇರು ಮೆತ್ತಗಾಗಿ, ಮುಟ್ಟಿದರೆ ಸಿಪ್ಪೆ ಕಳಚಿ, ಹೆಂಟೆ ಕೊಳೆತ ವಾಸನೆ ಹೊಡೆದರೆ ನೀರು ಹೆಚ್ಚಾಗಿದೆ. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಗಾಳಿಗೆ ಜಾಗವಿಲ್ಲ. ಅಂಥಲ್ಲಿ ಪಿಥಿಯಂ, ರೈಜೋಕ್ಟೋನಿಯಾದಂಥ ರೋಗಾಣುಗಳು ಸೇರಿಕೊಂಡು, ಸಸಿಯನ್ನು ಮಣ್ಣಿನಡಿಯಲ್ಲೇ ಮುಗಿಸಿಬಿಡುತ್ತವೆ. ಇದಕ್ಕೆ ಚಿಕಿತ್ಸೆ ಹುಡುಕುವುದು ವ್ಯರ್ಥ. ಆ ಮಣ್ಣನ್ನು ಬಿಸಾಡಿ, ಟ್ರೇ ತೊಳೆದು ಒಣಗಿಸಿ, ಹೊಸದಾಗಿ ಶುರು ಮಾಡಿ.

ಬೇರು ಹಾಕಿದಾಗ ಎಷ್ಟುದ್ದವಿತ್ತೋ ಅಷ್ಟೇ ಇದೆ, ಬಣ್ಣವೂ ಬಿಳಿ ಎಂದರೆ ಬರಿ ಚಳಿ. ಬೆಚ್ಚಗೆ ಮಾಡಿ ಕಾಯಿರಿ. ಬೀಜ ಟೊಳ್ಳಾಗಿ ಬೇರನ್ನು ಯಾರೋ ಮೇಯ್ದಂತಿದ್ದರೆ ಹೆಂಟೆಯಲ್ಲಿ ಕಪ್ಪು ತಲೆಯ, ಪಾರದರ್ಶಕ ಮೈಯ ಸಣ್ಣ ಮರಿಹುಳ ಹುಡುಕಿ. ಕುಂಡಗಳ ಸುತ್ತ ಹಾರಾಡುವ ಆ ನುಸಿಯಂಥ ಕಪ್ಪು ನೊಣದ ಮರಿ ಅದು. ಹಸಿ ಆಲೂಗಡ್ಡೆಯ ಬಿಲ್ಲೆಯೊಂದನ್ನು ಮಣ್ಣಿನ ಮೇಲೆ ಎರಡು ದಿನ ಇಟ್ಟರೆ ಹುಳ ಅದರಡಿ ಸೇರುತ್ತವೆ. ಲೆಕ್ಕವೂ ಸಿಗುತ್ತದೆ, ಒಂದಷ್ಟು ಹುಳ ಎತ್ತಿ ಎಸೆದಂತೆಯೂ ಆಗುತ್ತದೆ.

ಮತ್ತೆ ಹಾಕುವಾಗ

ಕೋಕೋಪೀಟನ್ನು ನೆನೆಸಿ, ಹಿಂಡಿ, ನೀರು ತಿಳಿಯಾಗುವವರೆಗೆ ಮೂರು ಸಲವಾದರೂ ತೊಳೆಯಿರಿ. ಅದು 3 ಪಾಲು, ಪರ್ಲೈಟ್ (ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) 1 ಪಾಲು, ಜರಡಿ ಹಿಡಿದ ಹಳೆಯ ಎರೆಗೊಬ್ಬರ ಅರ್ಧ ಪಾಲು. ತೇವ ಸರಿಯಿದೆಯೇ ಎಂದು ನೋಡಲು ಒಂದು ಮುಷ್ಟಿ ಹಿಂಡಿ: ಬೆರಳ ಸಂದಿಯಿಂದ ಒಂದೆರಡು ಹನಿ ಮಾತ್ರ ಬೀಳಬೇಕು, ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ಧಾರೆಯಾಗಿ ನೀರು ಇಳಿದರೆ ಹರಡಿ ಆರಿಸಿ.

ಬೇರು 3ರಿಂದ 5 ಮಿ.ಮೀ. ಇರುವಾಗಲೇ ಬೀಜವನ್ನು ಟ್ರೇಗೆ ಸಾಗಿಸಿ. ಬಟ್ಟೆಗಿಂತ ಕಾಗದದ ಕರವಸ್ತ್ರ ಮೇಲು. ಬೇರು ಅಂಟಿದ್ದರೆ ಕಾಗದದ ಚೂರನ್ನೂ ಸೇರಿಸಿಯೇ ಹೂಳಬಹುದು. ಪೆನ್ಸಿಲಿನಿಂದ ಗುಳಿ ಮಾಡಿ, ಬೀಜದ ಸಿಪ್ಪೆಯ ಭಾಗವನ್ನು ಒದ್ದೆ ಚಮಚದ ತುದಿಯಿಂದ ಎತ್ತಿ, ಬೇರು ಕೆಳಮುಖವಾಗಿ ಇಳಿಬಿಡಿ. ದಿಕ್ಕು ತಪ್ಪಿದರೂ ಬೀಜ ಸಾಯುವುದಿಲ್ಲ. ಬೇರಿನ ತುದಿಯ ಪಿಷ್ಟದ ಕಣಗಳು ಕೆಳಗೆ ಜಾರಿ ಭೂಮಿ ಯಾವ ಕಡೆ ಎಂದು ತೋರಿಸುತ್ತವೆ, ಬೇರು ತಾನೇ ತಿರುಗಿಕೊಳ್ಳುತ್ತದೆ. ಆ ತಿರುವಿಗೆ ಒಂದಿಷ್ಟು ಸಮಯ, ಒಂದಿಷ್ಟು ಬುತ್ತಿ ಖರ್ಚಾಗುತ್ತದೆ, ಅಷ್ಟೇ. ಮೇಲೆ ಮಣ್ಣು ಉದುರಿಸಿ ಬೆರಳಿನಿಂದ ಸವರಿ, ಒತ್ತಬೇಡಿ.

ನೀರನ್ನು ಅಡಿಯಿಂದ ಕೊಡಿ. ತಟ್ಟೆಯಲ್ಲಿ 1 ಸೆಂ.ಮೀ. ನೀರು ನಿಲ್ಲಿಸಿ ಟ್ರೇಯನ್ನು 15–20 ನಿಮಿಷ ಇಟ್ಟು, ಮೇಲ್ಮೈ ಗಾಢ ಬಣ್ಣಕ್ಕೆ ತಿರುಗಿದೊಡನೆ ಎತ್ತಿ ಬಸಿಯಿರಿ. ತಟ್ಟೆಯಲ್ಲಿ ನೀರು ಉಳಿಸಿ ಹೋಗಬಾರದು. ಮುಚ್ಚಳವನ್ನು ದಿನಕ್ಕೊಮ್ಮೆ ತೆರೆದು ಒಳಗಿನ ಹನಿ ಒರೆಸಿದರೆ ಸಾಕು.

ಮೊದಲ ಕೊಕ್ಕೆ ಕಂಡ ದಿನವೇ ಮುಚ್ಚಳ ತೆಗೆದು, ಎಲ್‌ಇಡಿ ಟ್ಯೂಬಿನಿಂದ 10 ಸೆಂ.ಮೀ. ಕೆಳಗೆ ಟ್ರೇ ಇಟ್ಟು 14–16 ಗಂಟೆ ಬೆಳಕು ಕೊಡಿ. ಕೆಲವು ಸಸಿಗಳು ಸಿಪ್ಪೆಯನ್ನು ಟೋಪಿಯಂತೆ ಹೊತ್ತೇ ಮೇಲೇಳುತ್ತವೆ. ತೀರ ಮೇಲೆ ಬಿತ್ತಿದರೆ ಹೀಗೆ: ಸಿಪ್ಪೆ ಕಳಚಲು ಮಣ್ಣಿನ ಉಜ್ಜಾಟ ಸಿಕ್ಕಿರುವುದಿಲ್ಲ. ಒಣ ಸಿಪ್ಪೆಯನ್ನು ಎಳೆದರೆ ಬೀಜದೆಲೆಯೂ ಕಿತ್ತು ಬರುತ್ತದೆ. ಒಂದು ಹನಿ ನೀರು ಇಟ್ಟು ಮೂರು ನಾಲ್ಕು ಗಂಟೆ ನೆನೆಯಲು ಬಿಡಿ, ಬೇಕಿದ್ದರೆ ಮತ್ತೊಂದು ಹನಿ. ಸಂಜೆಯೊಳಗೆ ತಾನೇ ಬೀಳದಿದ್ದರೆ ಮಾತ್ರ ಚಿಮಟದ ಎರಡು ತುದಿಯನ್ನು ಸಿಪ್ಪೆಯ ಬಿರುಕಿಗೆ ಇಟ್ಟು ಹೊರಮುಖವಾಗಿ ಅಗಲಿಸಿ.