ಎಚ್‌ಟಿಎಂಎಲ್ ಕಲಿಯೋಕೆ ಯಾವ ಎಡಿಟರ್ ಹಾಕಿಕೊಳ್ಳಲಿ?

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಕೊಟ್ಟು ಏನೂ ತಗೊಳ್ಳಬೇಡಿ. ಎಚ್‌ಟಿಎಂಎಲ್ ಅಂದರೆ ವೆಬ್ ಪುಟ ಬರೆಯುವ ಭಾಷೆ, ಅದಕ್ಕೆ ಬೇಕಾದದ್ದು ಎರಡೇ: ಕೋಡ್ ಬರೆಯಲು ಒಂದು ಎಡಿಟರ್, ಪುಟ ನೋಡಲು ಒಂದು ಬ್ರೌಸರ್. ನಮ್ಮ ಕಾಸರಗೋಡಿನ ಮಕ್ಕಳಿಗೆ ಇದು ಇನ್ನೂ ಸುಲಭ. ಕೇರಳದ ಶಾಲೆಗಳಲ್ಲಿ ಕೈಟ್‌ನವರು (ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಕೊಡುವುದು ಉಬುಂಟು ಎಂಬ ಲಿನಕ್ಸ್ ಮೇಲೆ ಕಟ್ಟಿದ ಸಿಸ್ಟಮ್, ಅದರಲ್ಲಿ ಎರಡೂ ಬಂದೇ ಇರುತ್ತವೆ.

ವರ್ಡ್ ಮಾತ್ರ ಬೇಡವೇ ಬೇಡ. ಅದು ನೆಟ್ಟಗಿನ ಕೋಟ್ ಚಿಹ್ನೆಯನ್ನು ತಾನಾಗಿಯೇ ಬಾಗಿಸಿಬಿಡುತ್ತದೆ, ಆಮೇಲೆ ಲಿಂಕ್ ಯಾಕೆ ಕೆಲಸ ಮಾಡುತ್ತಿಲ್ಲ ಅಂತ ನೀವು ತಲೆ ಕೆರೆದುಕೊಳ್ಳಬೇಕು.

ವಿಂಡೋಸ್ ಇದ್ದರೆ ಮೊದಲ ಕೆಲವು ದಿನ ನೋಟ್‌ಪ್ಯಾಡ್ ಸಾಕು. ಸೇವ್ ಮಾಡುವಾಗ ಟೈಪ್ ಜಾಗದಲ್ಲಿ 'ಆಲ್ ಫೈಲ್ಸ್' ಆರಿಸಿ, ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಅಂತ ನೀವೇ ಬರೆಯಿರಿ. ಇಲ್ಲದಿದ್ದರೆ ಹಿಂದಿನಿಂದ ಒಂದು ಡಾಟ್ ಟಿಎಕ್ಸ್‌ಟಿ ಸೇರಿಕೊಳ್ಳುತ್ತದೆ, ಅದನ್ನು ವಿಂಡೋಸ್ ಸಾಮಾನ್ಯವಾಗಿ ತೋರಿಸುವುದೂ ಇಲ್ಲ.

ಆಮೇಲೆ ವಿಎಸ್ ಕೋಡ್ ಎಂಬ ಎಡಿಟರ್. ಎಲ್ಲರೂ ಹೇಳುವುದು ಅದನ್ನೇ, ಒಳ್ಳೆಯದೂ ಹೌದು, ಆದರೆ ಹಳೇ ಲ್ಯಾಪ್‌ಟಾಪಿನಲ್ಲಿ ಅದು ಏದುಸಿರು ಬಿಡುತ್ತದೆ. ಅಂಥ ಕಡೆ ವಿಂಡೋಸಿಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಲಿನಕ್ಸಿಗೆ ಜೀನಿ. ಎರಡೂ ಫ್ರೀ, ಎರಡೂ ಹಗುರ, ಟ್ಯಾಗ್‌ಗಳಿಗೆ (ಕೋನಾಕಾರದ ಬ್ರಾಕೆಟ್ಟಿನೊಳಗೆ ಬರೆಯುವ ಸೂಚನೆಗಳು) ಬಣ್ಣವನ್ನೂ ಹಚ್ಚುತ್ತವೆ. ಆಟಮ್ ಹಾಕಿಕೊಳ್ಳಿ ಅಂತ ಹಳೇ ವಿಡಿಯೋಗಳಲ್ಲಿ ಹೇಳಿದರೆ ಕೇಳಬೇಡಿ, 2022ರಲ್ಲೇ ಅದು ನಿಂತುಹೋಯಿತು.

ಈಗ ಕನ್ನಡದ ವಿಷಯ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟದ್ದನ್ನು ಹಾಗೇ ಅಂಟಿಸಿದರೆ, ಆ ಫಾಂಟ್ ಇಲ್ಲದವರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ ಯೂನಿಕೋಡ್, ಅದಕ್ಕೆ ಬದಲಿಸಿಯೇ ಹಾಕಿ. ಫೈಲನ್ನು ಯುಟಿಎಫ್-8ರಲ್ಲಿ (ಯೂನಿಕೋಡನ್ನು ಫೈಲಿನಲ್ಲಿ ಉಳಿಸುವ ಒಂದು ವಿಧಾನ) ಸೇವ್ ಮಾಡಿ, ಹೆಡ್ ಭಾಗದಲ್ಲಿ ಮೆಟಾ ಚಾರ್‌ಸೆಟ್ ಸಾಲನ್ನೂ, ಅಂದರೆ <meta charset="utf-8"> ಅಂತ, ಬರೆಯಿರಿ. ಆ ಸಾಲು ಇಲ್ಲದಿದ್ದರೆ ಬ್ರೌಸರ್ ಊಹೆ ಮಾಡುತ್ತದೆ. ಮನೆಯಲ್ಲಿ ಸರಿಯಾಗಿ ಕಂಡ 'ಕುಂಬಳೆ' ಸರ್ವರಿಗೆ ಏರಿಸಿದ ಮೇಲೆ ಚಿತ್ರವಿಚಿತ್ರ ಆಗಬಹುದು. ಯೂನಿಕೋಡ್ ಆದರೆ ಒಂದೇ ಪುಟದಲ್ಲಿ ಕನ್ನಡ, ಮಲಯಾಳ ಎರಡೂ ಕೂರುತ್ತವೆ. ನಮ್ಮೂರಿನ ಅಂಗಡಿಗೋ ಯಕ್ಷಗಾನ ಸಂಘಕ್ಕೋ ಪುಟ ಮಾಡಿದರೆ ಎರಡೂ ಬೇಕೇ ಬೇಕಲ್ವಾ?

ವಿಎಸ್ ಕೋಡಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಟ್ಯಾಬ್ ಹೊಡೆದರೆ ಪುಟದ ಇಡೀ ಅಸ್ಥಿಪಂಜರ ತಾನೇ ಬರುತ್ತದೆ, ಚಾರ್‌ಸೆಟ್ ಸಾಲಿನ ಸಮೇತ. ಆದರೆ ಅದರಲ್ಲಿ ಭಾಷೆ (lang) 'en' ಅಂತಿರುತ್ತದೆ, ಅಂದರೆ ಇಂಗ್ಲಿಷ್. ಅದನ್ನು ಕನ್ನಡದ 'kn' ಮಾಡಿ, ಮಲಯಾಳ ಪ್ಯಾರಾಗೆ ಬೇರೆಯಾಗಿ 'ml' ಕೊಡಿ. ಸುಮ್ನೆ ಹೇಳುತ್ತಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್ ಧ್ವನಿ ಆರಿಸುವುದು ಇದನ್ನೇ ನೋಡಿ.

ಬ್ರೌಸರ್ ಯಾವುದಾದರೂ ಆದೀತು. ಎಫ್12 ಒತ್ತಿ ಪುಟದ ಒಳಗಿನ ಕೋಡ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಆದರೆ ಬ್ರೌಸರ್ ತಪ್ಪುಗಳನ್ನು ಜಾಸ್ತಿ ಕ್ಷಮಿಸುತ್ತದೆ, ಮುಚ್ಚದ ಟ್ಯಾಗನ್ನೂ ಹೇಗೋ ಸರಿಮಾಡಿ ತೋರಿಸುತ್ತದೆ. ಹಾಗಾಗಿ ಆಗಾಗ ಡಬ್ಲ್ಯು3ಸಿ ವ್ಯಾಲಿಡೇಟರಿಗೆ (ಕೋಡಿನ ತಪ್ಪು ಹುಡುಕುವ ವೆಬ್‌ಸೈಟ್) ಹಾಕಿ ನೋಡಿ. ಎಷ್ಟನೇ ಸಾಲಿನಲ್ಲಿ ಎಡವಟ್ಟು ಅಂತ ಅದು ಹೇಳುತ್ತದೆ. ಮೊದಲ ತಪ್ಪನ್ನು ಸರಿ ಮಾಡಿ ಮತ್ತೆ ಹಾಕಿ. ಕೆಳಗಿನ ಎಷ್ಟೋ ತಪ್ಪುಗಳು ಅದರಿಂದಲೇ ಹುಟ್ಟಿರುತ್ತವೆ.